ಟಿಕೆಟ್ ಯಾರ ಕೈಯಲ್ಲಿ? ಜಗಳೂರು, ಚನ್ನಗಿರಿ ಹೇಳುವ ಚರಿತ್ರೆ

ಚುನಾವಣೆ ಹತ್ತಿರವಾದಂತೆ ನಮ್ಮ ಊರುಗಳ ಚಹಾದಂಗಡಿಗಳಲ್ಲಿ ಎರಡು ಪ್ರಶ್ನೆಗಳು ಓಡಾಡತೊಡಗುತ್ತವೆ. ಈ ಸಲ ಟಿಕೆಟ್ ಯಾರಿಗೆ? ಗೆಲ್ಲುವವರು ಯಾರು? ಎರಡನೆಯ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ಮತದಾರನದು. ಮೊದಲನೆಯ ಪ್ರಶ್ನೆಗೆ ಉತ್ತರ ಬೆಂಗಳೂರಿನಿಂದಲೋ ದೆಹಲಿಯಿಂದಲೋ ಬರುತ್ತದೆ. ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂಬುದನ್ನು ಪ್ರಾಥಮಿಕ ಚುನಾವಣೆಯಲ್ಲಿ ಮತದಾರರೇ ತೀರ್ಮಾನಿಸುತ್ತಾರೆ. ನಮ್ಮಲ್ಲಿ ಬಿ ಫಾರಂ ಯಾರ ಕೈಸೇರಿತೋ ಅವರೇ ಅಭ್ಯರ್ಥಿ. ಆ ಫಾರಂ ಕೊಡುವ ಮುನ್ನ ಕ್ಷೇತ್ರದ ಜನರನ್ನು, ಕೊನೆಗೆ ಪಕ್ಷದ ಸಾಮಾನ್ಯ ಸದಸ್ಯರನ್ನಾದರೂ ಕೇಳಬೇಕೆಂದು ಹೇಳುವ ಕಾನೂನು ನಮ್ಮಲ್ಲಿಲ್ಲ.

ಹಿಂದೆಯೂ ಹೀಗೆಯೇ ಇತ್ತೇ? ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಚರಿತ್ರೆಯನ್ನು ಕೆದಕಿದರೆ ಈ ಪ್ರಶ್ನೆಗೆ ಸ್ವಾರಸ್ಯಕರ ಉತ್ತರ ದೊರೆಯುತ್ತದೆ. ಇವು ಮೊದಲು ಒಂದೇ ಜಿಲ್ಲೆಯಲ್ಲಿರಲಿಲ್ಲ. ಬಯಲುಸೀಮೆಯ ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ಭತ್ತ, ಅಡಿಕೆ ಬೆಳೆಯುವ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನ ಭಾಗ. ಅದು ಪ್ರತ್ಯೇಕ ತಾಲ್ಲೂಕಾದದ್ದು 2018ರಲ್ಲಿ. 1997ರಲ್ಲಿ ಹೊಸದಾಗಿ ರಚನೆಯಾದ ದಾವಣಗೆರೆ ಜಿಲ್ಲೆ ಇವುಗಳನ್ನು ಒಂದುಗೂಡಿಸಿತು.

1957ರ ಮಹಾಚುನಾವಣೆಯನ್ನು ನೆನೆಯೋಣ. ಚಿತ್ರದುರ್ಗ ಲೋಕಸಭಾ ಕ್ಷೇತ್ರವನ್ನು 1952ರಲ್ಲಿ ಗೆದ್ದವರು ಎಸ್. ನಿಜಲಿಂಗಪ್ಪ. ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ, 1956ರ ನವೆಂಬರ್‌ನಲ್ಲಿ, ಅವರೇ ವಿಶಾಲ ಮೈಸೂರಿನ ಮುಖ್ಯಮಂತ್ರಿಯಾಗಿದ್ದರು. ಕಾಂಗ್ರೆಸ್ ಪ್ರಬಲವಾಗಿದ್ದ ಕಾಲವದು. ಅಂಥ ಕ್ಷೇತ್ರದಲ್ಲಿ ಕಾಂಗ್ರೆಸ್ಸನ್ನು ಸೋಲಿಸಿ ಲೋಕಸಭೆಗೆ ಹೋದವರು ಜಗಳೂರಿನ ಜೆ. ಮಹಮದ್ ಇಮಾಂ. ಪಕ್ಷ ಪ್ರಜಾ ಸೋಷಲಿಸ್ಟ್. 1967ರಲ್ಲಿ ಅವರು ಅದೇ ಕ್ಷೇತ್ರದಿಂದ ಮತ್ತೊಮ್ಮೆ ಗೆದ್ದರು. ಆಗ ಅವರು ನಿಂತದ್ದು ರಾಜಾಜಿಯವರ ಸ್ವತಂತ್ರ ಪಕ್ಷದಿಂದ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಚಿತ್ರದುರ್ಗ ಮುಸ್ಲಿಮರು ಬಹುಸಂಖ್ಯಾತರಾಗಿದ್ದ ಕ್ಷೇತ್ರವಲ್ಲ. ಎರಡು ಗೆಲುವಿನ ನಡುವೆ ಪಕ್ಷ ಬದಲಾಯಿತು, ಚಿಹ್ನೆ ಬದಲಾಯಿತು. ಸಮಾಜವಾದ ಎಲ್ಲಿ, ಖಾಸಗಿ ಉದ್ಯಮದ ಪರ ನಿಂತ ಸ್ವತಂತ್ರ ಪಕ್ಷ ಎಲ್ಲಿ! ಬದಲಾಗದೆ ಉಳಿದದ್ದು ಇಮಾಂ ಸಾಹೇಬರ ಹೆಸರೊಂದೇ. ಲಿಂಗಾಯತರು, ನಾಯಕರು, ಕುರುಬರು, ದಲಿತರು ಹೆಚ್ಚಾಗಿರುವ ಸೀಮೆಯ ಜನ ತಮ್ಮ ನಡುವಿನ ಒಬ್ಬ ಮುಸ್ಲಿಮನನ್ನು ಹತ್ತು ವರ್ಷಗಳಲ್ಲಿ ಎರಡು ಬಾರಿ ದೆಹಲಿಗೆ ಕಳುಹಿಸಿದರು. ಅದನ್ನು ಅವರು ದೊಡ್ಡ ಔದಾರ್ಯವೆಂದು ಭಾವಿಸಿರಲಾರರು. ಗೊತ್ತಿದ್ದ ಮನುಷ್ಯನಿಗೆ ಮತ ಹಾಕಿದರು, ಅಷ್ಟೆ.

ಅದೇ 1967ರಲ್ಲಿ ಪಕ್ಕದ ಶಿವಮೊಗ್ಗ ಕ್ಷೇತ್ರದಿಂದ ಗೆದ್ದವರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು. ಪಕ್ಷ ಸಂಯುಕ್ತ ಸೋಷಲಿಸ್ಟ್. ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ ಮೊದಲಿಗರೆಂದು ಅವರನ್ನು ನಾಡು ಇಂದಿಗೂ ನೆನೆಯುತ್ತದೆ. ಹೀಗೆ ಒಂದೇ ಲೋಕಸಭೆಯಲ್ಲಿ ಜಗಳೂರಿನ ಒಬ್ಬರು, ಚನ್ನಗಿರಿಯ ಒಬ್ಬರು ವಿರೋಧ ಪಕ್ಷಗಳ ಸಾಲಿನಲ್ಲಿದ್ದರು. ಒಬ್ಬರು ಬಲಪಂಥದವರು, ಇನ್ನೊಬ್ಬರು ಲೋಹಿಯಾ ಶಿಷ್ಯರು. ಸಿದ್ಧಾಂತದಲ್ಲಿ ಅಜಗಜಾಂತರವಿದ್ದರೂ ಇಬ್ಬರೂ ಈ ಮಣ್ಣಿನಿಂದ ಎದ್ದವರೇ.

ಆ ಕಾಲವನ್ನು ಸುವರ್ಣಯುಗವೆಂದು ಹೊಗಳಬೇಕಾಗಿಲ್ಲ. ಜಾತಿ, ಜಮೀನು, ಹಣ ಆಗಲೂ ಇದ್ದವು. ಆದರೆ ದೊಡ್ಡವರನ್ನೂ ಜನ ಮುಲಾಜಿಲ್ಲದೆ ಅಳೆಯುತ್ತಿದ್ದರು. 1962ರ ವಿಧಾನಸಭಾ ಚುನಾವಣೆಯಲ್ಲಿ ನಿಜಲಿಂಗಪ್ಪನವರಂಥ ನಾಯಕರೇ ಹೊಸದುರ್ಗದಲ್ಲಿ ಸೋತರು. ಹಣವಿಲ್ಲದ ಸಣ್ಣ ವಿರೋಧ ಪಕ್ಷಗಳಿಗೆ ಗೆಲ್ಲಲು ಒಂದೇ ದಾರಿಯಿತ್ತು. ಜನರಿಗೆ ಈಗಾಗಲೇ ಗೊತ್ತಿರುವ, ಅವರು ಗೌರವಿಸುವ ವ್ಯಕ್ತಿಯನ್ನು ಹುಡುಕಿ ನಿಲ್ಲಿಸುವುದು.

ಚಿತ್ರ ಬದಲಾದದ್ದು 1971ರಲ್ಲಿ. 1969ರಲ್ಲಿ ಕಾಂಗ್ರೆಸ್ ಒಡೆದಿತ್ತು. ಲೋಕಸಭಾ ಚುನಾವಣೆ ವಿಧಾನಸಭೆಯಿಂದ ಬೇರ್ಪಟ್ಟು ಒಂದು ವರ್ಷ ಮೊದಲೇ ನಡೆಯಿತು. ಇಂದಿರಾ ಗಾಂಧಿಯವರ ಹೆಸರಿನ ಅಲೆಯಲ್ಲಿ ಮೈಸೂರು ರಾಜ್ಯದ 27ಕ್ಕೆ 27 ಸ್ಥಾನಗಳೂ ಅವರ ಕಾಂಗ್ರೆಸ್ಸಿನ ಪಾಲಾದವು. ಅಭ್ಯರ್ಥಿ ಯಾರೆಂಬುದು ಗೌಣವಾಯಿತು. 1972ರ ನಂತರ ಎರಡು ದಶಕ ಆ ಪಕ್ಷದಲ್ಲಿ ಆಂತರಿಕ ಚುನಾವಣೆಯೇ ನಡೆಯಲಿಲ್ಲ. ತಾಲ್ಲೂಕು ಸಮಿತಿ ಹೆಸರು ಸೂಚಿಸಿ ಮೇಲಕ್ಕೆ ಕಳುಹಿಸುವ ಮಾತು ಕಾಗದದಲ್ಲಿ ಉಳಿಯಿತು. ಹೈಕಮಾಂಡ್ ಎಂಬ ಪದ ಕನ್ನಡದ್ದೇ ಆಗಿಹೋಯಿತು. ಕಾಂಗ್ರೆಸ್ಸನ್ನು ಟೀಕಿಸುತ್ತ ಬೆಳೆದ ಪಕ್ಷಗಳೂ ಈ ವಿಷಯದಲ್ಲಿ ಅದನ್ನೇ ಅನುಸರಿಸಿದವು.

ಮತದಾರನ ವಿವೇಕ ಮಾತ್ರ ಸಾಯಲಿಲ್ಲ. ದಾವಣಗೆರೆಯನ್ನು ಜಿಲ್ಲೆಯಾಗಿಸಿದ ಮುಖ್ಯಮಂತ್ರಿ ಪಟೇಲರನ್ನು 1999ರಲ್ಲಿ ಅವರ ಸ್ವಂತ ಚನ್ನಗಿರಿಯೇ ಸೋಲಿಸಿತು. ಹೊನ್ನಾಳಿ ಕ್ಷೇತ್ರದ ಜನ 2008ರಿಂದ 2023ರ ವರೆಗಿನ ನಾಲ್ಕು ಚುನಾವಣೆಗಳಲ್ಲಿ ಎಂ.ಪಿ. ರೇಣುಕಾಚಾರ್ಯ ಮತ್ತು ಡಿ.ಜಿ. ಶಾಂತನಗೌಡರನ್ನು ಸರದಿಯ ಮೇಲೆ ಗೆಲ್ಲಿಸಿದ್ದಾರೆ, ಸೋಲಿಸಿದ್ದಾರೆ. ತೀರ್ಪು ಕೊಡಲು ಅವರಿಗೆ ಬರುತ್ತದೆ. ತೀರ್ಪಿಗಾಗಿ ಅವರ ಮುಂದಿಡುವ ಹೆಸರುಗಳ ಪಟ್ಟಿ ಮಾತ್ರ ಕಿರಿದಾಗುತ್ತ ಬಂದಿದೆ.

2024ರ ದಾವಣಗೆರೆ ಲೋಕಸಭಾ ಚುನಾವಣೆ ಇದಕ್ಕೆ ಸಾಕ್ಷಿ. ಕಾಂಗ್ರೆಸ್ಸಿನಿಂದ ಸಚಿವ ಎಸ್.ಎಸ್. ಮಲ್ಲಿಕಾರ್ಜುನರ ಪತ್ನಿ ಡಾ. ಪ್ರಭಾ ಮಲ್ಲಿಕಾರ್ಜುನ್, ಬಿಜೆಪಿಯಿಂದ ಆಗಿನ ಸಂಸದ ಜಿ.ಎಂ. ಸಿದ್ದೇಶ್ವರರ ಪತ್ನಿ ಗಾಯತ್ರಿ ಸಿದ್ದೇಶ್ವರ. ಇಬ್ಬರು ಮಹಿಳೆಯರು ಮುಖಾಮುಖಿಯಾದದ್ದು ಸಂತೋಷದ ವಿಷಯವೇ. ಅವರ ಅರ್ಹತೆಯನ್ನು ಪ್ರಶ್ನಿಸುವುದು ಈ ಲೇಖನದ ಉದ್ದೇಶವಲ್ಲ. ಎರಡೂ ಪಕ್ಷಗಳ ಹುಡುಕಾಟ ಎರಡು ಮನೆಗಳ ಅಂಗಳದಲ್ಲೇ ಮುಗಿಯಿತೇಕೆ ಎಂಬುದಷ್ಟೇ ಪ್ರಶ್ನೆ. ಕಾಂಗ್ರೆಸ್ ಟಿಕೆಟ್ ಬಯಸಿದ್ದ ಜಿ.ಬಿ. ವಿನಯ್ ಕುಮಾರ್ ಪಕ್ಷೇತರರಾಗಿ ನಿಲ್ಲಬೇಕಾಯಿತು. ಪ್ರಭಾ ಅವರು ಗೆದ್ದರು.

ಈ ಕಿರಿದಾದ ಪಟ್ಟಿಯಿಂದ ಹೊರಗುಳಿದವರಲ್ಲಿ ಮುಸ್ಲಿಮರೂ ಇದ್ದಾರೆ. 2011ರ ಜನಗಣತಿಯಂತೆ ಅವರು ರಾಜ್ಯದ ಜನಸಂಖ್ಯೆಯ ಸುಮಾರು 13 ಶೇಕಡಾ. ಕರ್ನಾಟಕದಿಂದ ಲೋಕಸಭೆಗೆ ಮುಸ್ಲಿಂ ಸದಸ್ಯರೊಬ್ಬರು ಕೊನೆಯ ಬಾರಿ ಆಯ್ಕೆಯಾದದ್ದು 2004ರಲ್ಲಿ, ಗುಲಬರ್ಗದಿಂದ ಇಕ್ಬಾಲ್ ಅಹ್ಮದ್ ಸರಡಗಿ. ಆಮೇಲಿನ ನಾಲ್ಕು ಚುನಾವಣೆಗಳಲ್ಲಿ 28 ಸ್ಥಾನಗಳ ಪೈಕಿ ಒಂದೂ ಇಲ್ಲ. ಕಾರಣ ಕೇಳಿದರೆ ಸಿಗುವ ಉತ್ತರ 'ಗೆಲ್ಲುವ ಸಾಮರ್ಥ್ಯ'. ಮುಸ್ಲಿಮರಿಗೆ ಇತರರು ಮತ ಹಾಕುವುದಿಲ್ಲ ಎಂದು ಪಕ್ಷಗಳು ಮೊದಲೇ ತೀರ್ಮಾನಿಸಿಬಿಟ್ಟಿವೆ. ಇಮಾಂ ಸಾಹೇಬರ ಎರಡು ಗೆಲುವುಗಳು ಈ ತೀರ್ಮಾನವನ್ನು ಅಲುಗಾಡಿಸುತ್ತವೆ. ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದಾಗ ಜನ ಅವರನ್ನು 'ನೀರ್‌ಸಾಬ್' ಎಂದು ಕರೆದರು. ಕೆಲಸ ಕಂಡ ಜನ ಜಾತಿ ಕೇಳಲಿಲ್ಲ.

ದಾರಿ ಏನು? 2014ರಲ್ಲಿ ಕಾಂಗ್ರೆಸ್ ಕೆಲವು ಕ್ಷೇತ್ರಗಳಲ್ಲಿ ಪ್ರಾಥಮಿಕ ಚುನಾವಣೆಯ ಪ್ರಯೋಗ ನಡೆಸಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಆಯ್ಕೆಯಾಗಿದ್ದವು. ಸಿ. ನಾರಾಯಣಸ್ವಾಮಿ ಮತ್ತು ಬಿ. ಜನಾರ್ದನ ಪೂಜಾರಿ ಪಕ್ಷದೊಳಗೆ ಗೆದ್ದು ಚುನಾವಣೆಯಲ್ಲಿ ಸೋತರು. ಪ್ರಯೋಗವೂ ಅಲ್ಲಿಗೆ ನಿಂತಿತು. ಮೇಲಿನಿಂದ ಟಿಕೆಟ್ ಪಡೆದ ಎಷ್ಟೋ ಜನ ಸೋತಿದ್ದಾರೆ. ಆ ಪದ್ಧತಿಯನ್ನು ಯಾರೂ ಕೈಬಿಟ್ಟಿಲ್ಲ! ನ್ಯಾಯಾಲಯ ಸ್ವಲ್ಪ ಬಾಗಿಲು ತೆರೆದಿದೆ. ಕ್ರಿಮಿನಲ್ ಮೊಕದ್ದಮೆ ಇರುವವರಿಗೆ ಟಿಕೆಟ್ ಕೊಟ್ಟರೆ ಅದಕ್ಕೆ ಕಾರಣವನ್ನು ಪಕ್ಷ ಬಹಿರಂಗಪಡಿಸಬೇಕು, ಗೆಲ್ಲುವ ಸಾಮರ್ಥ್ಯವೊಂದನ್ನೇ ಕಾರಣವಾಗಿ ಹೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ಆದೇಶಿಸಿತು. ಪ್ರತಿಯೊಂದು ಟಿಕೆಟ್‌ಗೂ ಇಂಥ ಕಾರಣ ಕೇಳುವ ಹಕ್ಕು ಮತದಾರನಿಗೆ ಏಕೆ ಇರಬಾರದು?

ಕೇಳಬೇಕಾದ ಪ್ರಶ್ನೆಗಳು ಈ ತಾಲ್ಲೂಕುಗಳಲ್ಲಿ ಬೇಕಾದಷ್ಟಿವೆ. ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು; ಜಗಳೂರಿನ ಹೊಲಕ್ಕೆ ಅದರ ನೀರು ಯಾವಾಗ? ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆಯ ನೀರು ಪ್ರತಿ ವರ್ಷ ತಪ್ಪದೆ ಬರುವುದೇ? ಚನ್ನಗಿರಿಯ ಸೂಳೆಕೆರೆಯ ಹೂಳು, ಒತ್ತುವರಿಗೆ ಪರಿಹಾರವೇನು? ಭದ್ರಾ ನಾಲೆಯ ಕೊನೆಯ ಭಾಗದ ರೈತನಿಗೆ ಅವನ ಪಾಲು ಸಿಗುವುದೇ? ಹೊಸ ತಾಲ್ಲೂಕು ನ್ಯಾಮತಿಗೆ ಬೋರ್ಡಿನ ಜೊತೆ ಕಚೇರಿ, ಸಿಬ್ಬಂದಿ, ಆಸ್ಪತ್ರೆಯೂ ಬೇಕಲ್ಲವೇ?

ಈ ಪ್ರಶ್ನೆಗಳನ್ನು ಪ್ರಚಾರದ ವಾಹನ ಊರಿಗೆ ಬಂದಾಗ ಕೇಳಿದರೆ ತಡವಾಗಿರುತ್ತದೆ. ಬಿ ಫಾರಂ ಹಂಚುವ ಮೊದಲೇ, ಪಕ್ಷದ ತಾಲ್ಲೂಕು ಕಚೇರಿಗೆ ಹೋಗಿ ಎಲ್ಲ ಜಾತಿ ಧರ್ಮದವರೂ ಒಟ್ಟಾಗಿ ಕೇಳಬೇಕು. ಯಾರ ಹೆಸರು ಪರಿಗಣನೆಯಲ್ಲಿದೆ, ಏಕೆ, ಯಾರನ್ನು ಕೇಳಿ ಎಂದು ವಿಚಾರಿಸಬೇಕು. ಇಮಾಂ ಸಾಹೇಬರನ್ನು ಆರಿಸಿದ ಜನರ ಮೊಮ್ಮಕ್ಕಳು ಇಂದಿಗೂ ಅದೇ ಊರುಗಳಲ್ಲಿದ್ದಾರೆ. ಅಂಥ ಹೆಸರೊಂದನ್ನು ಅವರ ಮುಂದಿಟ್ಟು ನೋಡುವ ಧೈರ್ಯ ಪಕ್ಷಗಳಿಗೆ ಬರಬೇಕಾಗಿದೆ.