ಪ್ರಶಸ್ತಿ ಜಿನೀವಾದಲ್ಲಿ, ಕೆಲಸ ಬಳ್ಳಾರಿಯಲ್ಲಿ

2024ರಲ್ಲಿ ಮಾನಸಿಕ ಆರೋಗ್ಯದ ಕೆಲಸಕ್ಕೆಂದು ಕರ್ನಾಟಕಕ್ಕೆ ಎರಡು ದೊಡ್ಡ ಗೌರವ ಬಂದವು. ಜನವರಿಯ ಪದ್ಮಶ್ರೀ ಪಟ್ಟಿಯಲ್ಲಿ ಡಾ. ಸಿ.ಆರ್. ಚಂದ್ರಶೇಖರ್ ಹೆಸರಿತ್ತು. ಮೇ ಕೊನೆಗೆ ಜಿನೀವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ನಿಮ್ಹಾನ್ಸ್‌ಗೆ ನೆಲ್ಸನ್ ಮಂಡೇಲಾ ಪ್ರಶಸ್ತಿ ಕೊಟ್ಟಿತು. ಎರಡೂ ಸುದ್ದಿ ಒಂದೊಂದು ದಿನ ಓಡಿ, ಆಮೇಲೆ ಐಪಿಎಲ್ಲು, ಚುನಾವಣೆ ಅಂತ ಮರೆತುಹೋದವು. ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಂದು ಹೆಬ್ಬೆರಳು ಒತ್ತಿದ್ದರು, ಅಷ್ಟೇ.

ನನಗೆ ಚಂದ್ರಶೇಖರ್ ಹೆಸರು ಹೊಸದಲ್ಲ. ಕಲಬುರಗಿಯಲ್ಲಿ ಬಿಇ ಓದುವಾಗ ಬ್ರಹ್ಮಪುರದಲ್ಲಿ, ಶರಣಬಸವೇಶ್ವರ ಗುಡಿಯಿಂದ ಎರಡು ಗಲ್ಲಿ ಆಚೆ, ನಾಲ್ಕು ಮಂದಿ ಸೇರಿ ಒಂದು ಖೋಲಿ ಹಿಡಿದಿದ್ದೆವು. ಅಲ್ಲಿದ್ದ ಒಬ್ಬನ ಟ್ರಂಕಿನಲ್ಲಿ ಇವರ ಸಣ್ಣ ಪುಸ್ತಕ ಒಂದಿತ್ತು. ಪರೀಕ್ಷೆ ಹತ್ತಿರ ಬಂದರೆ ನಿದ್ದೆ ಬರದವರು, ಕೈ ನಡುಗುವವರು ಅದನ್ನು ಯಾರಿಗೂ ಹೇಳದೆ ತೆಗೆದು ಓದುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಸಿಗುವಂಥ ಪುಸ್ತಕ, ಸರಳ ಕನ್ನಡ, ಹೆದರಿಸುವ ಮಾತಿಲ್ಲ. ಮನಸ್ಸಿಗೂ ಜ್ವರ ಬರ್ತದ, ಅದಕ್ಕೂ ಔಷಧ ಅದ ಅನ್ನೋದನ್ನ ನಮ್ಮ ಭಾಷೆಯಲ್ಲಿ ಹೇಳಿದವರು ಆಗ ಎಷ್ಟು ಜನ ಇದ್ದರು? ಅವರು ಹೀಗೆ ನೂರಾರು ಪುಸ್ತಕ ಬರೆದಿದ್ದಾರೆ. ಪದ್ಮಶ್ರೀ ಸುದ್ದಿ ಬಂದಾಗ ಆ ಟ್ರಂಕಿನ ಪುಸ್ತಕದ ಹಿಂದೆ ಏನಿತ್ತು ಅಂತ ಹುಡುಕುತ್ತಾ ಹೋದೆ. ಹಾಗೆ ಹೋಗಿ ಮುಟ್ಟಿದ್ದು ಬಳ್ಳಾರಿಗೆ.

ಅದಕ್ಕೂ ಮೊದಲು ನಮ್ಮ ಕಡೆಯ ನಕ್ಷೆ ಒಂದಿಷ್ಟು ಹೇಳಬೇಕು. ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ "ಇವನ್ನ ಧಾರವಾಡಕ್ಕ ಕಳಸಬೇಕು" ಅನ್ನೋದು ಉತ್ತರ ಕರ್ನಾಟಕದ ಮಾತು. ಬೆಂಗಳೂರಿನವರು ನಿಮ್ಹಾನ್ಸ್ ಅಂದಹಾಗೆ ನಮಗೆ ಧಾರವಾಡ. ಯಾಕಂದರೆ ರಾಜ್ಯ ಒಂದಾದಾಗ ಸರ್ಕಾರದ ಮಾನಸಿಕ ಆಸ್ಪತ್ರೆ ಇದ್ದದ್ದು ಎರಡೇ: ಮೈಸೂರು ಸಂಸ್ಥಾನದಿಂದ ಬಂದ ಬೆಂಗಳೂರಿನದು, ಮುಂಬೈ ಪ್ರಾಂತ್ಯದಿಂದ ಬಂದ ಧಾರವಾಡದ್ದು. 1956ರಲ್ಲಿ ಹೈದರಾಬಾದಿನಿಂದ ಬಿಡಿಸಿಕೊಂಡು ಬಂದ ಕಲಬುರಗಿ, ಬೀದರ, ರಾಯಚೂರಿನ ಪಾಲಿಗೆ ಒಂದೂ ಇರಲಿಲ್ಲ. ಕಮಲಾಪುರದ ಕಡೆಯ ನನ್ನ ಹಳ್ಳಿಯವರಿಗೆ (ಕೆಂಪು ಬಾಳೆಹಣ್ಣಿನ ಕಮಲಾಪುರ, ಹಂಪಿಯದಲ್ಲ, ಇದನ್ನು ಪ್ರತಿಸಲ ಹೇಳಬೇಕಾಗ್ತದೆ) ಧಾರವಾಡ ಅಂದರೆ ರಾತ್ರಿಯಿಡೀ ಬಸ್ಸು. ಒದ್ದಾಡುವ ಮನುಷ್ಯನನ್ನ ಬಸ್ಸಿನಲ್ಲಿ ಹೇಗೆ ಒಯ್ಯುವುದು?

ಹಾಗಾಗಿ ಹತ್ತಿರದ್ದು ಗಾಣಗಾಪುರ. ಅಫಜಲಪುರ ತಾಲ್ಲೂಕು, ಭೀಮಾ ಮತ್ತು ಅಮರಜಾ ಕೂಡುವ ಜಾಗ. ದತ್ತಾತ್ರೇಯನ ಗುಡಿಯಲ್ಲಿ ಮಧ್ಯಾಹ್ನದ ಮಹಾಮಂಗಳಾರತಿಗೆ ಗಂಟೆ ಶುರುವಾದರೆ 'ಮೈಮೇಲೆ ಬಂದವರು' ಕೂಗುತ್ತಾರೆ, ಕಂಬ ಹತ್ತುತ್ತಾರೆ. ಮಹಾರಾಷ್ಟ್ರದಿಂದಲೂ ಜನ ಬರ್ತಾರೆ. ಇದನ್ನ ಮೂಢನಂಬಿಕೆ ಅಂತ ಒಂದೇ ಪದದಲ್ಲಿ ಮುಗಿಸುವವರ ಜೊತೆ ನನಗೆ ಜಗಳ ಇದೆ. ನಮ್ಮ ಓಣಿಯಲ್ಲಿ ಒಬ್ಬ ಗೃಹಸ್ಥನನ್ನ ಎರಡು ವರ್ಷ ದನದ ಕೊಟ್ಟಿಗೆಯಲ್ಲಿ ಹಗ್ಗ ಕಟ್ಟಿ ಇಟ್ಟಿದ್ದರು. ಕಟ್ಟಿದ್ದು ಅವನ ತಾಯಿ. ಉಣಿಸುತ್ತಿದ್ದದ್ದೂ ಆಕೆಯೇ. ಆಕೆಗೆ ಗಾಣಗಾಪುರ ಬಿಟ್ಟು ಬೇರೆ ದಾರಿಯನ್ನ ಸರ್ಕಾರ ತೋರಿಸಿರಲಿಲ್ಲ. ಜೊತೆಗೆ ಊರ ಹಿರಿಯರ ಸಲಹೆ ಬೇರೆ: ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ.

ಈ ಜನ ಮಂತ್ರವಾದಿ ಹತ್ತಿರ ಯಾಕೆ ಹೋಗ್ತಾರೆ ಅನ್ನೋದನ್ನ ಬೈಯದೆ ಕೇಳಿದವರಲ್ಲಿ ಮೊದಲಿಗರು ಡಾ. ಆರ್.ಎಲ್. ಕಪೂರ್. ಅವರು ಮತ್ತು ಸ್ಕಾಟ್ಲೆಂಡಿನಿಂದ ಬಂದ ಕಾರ್ಸ್ಟೇರ್ಸ್ ಉಡುಪಿ ಕಡೆಯ ಕೋಟದಲ್ಲಿ ಮನೆಮನೆ ತಿರುಗಿದರು. ಬ್ರಾಹ್ಮಣರು, ಬಂಟರು, ಮೊಗೇರರು, ಮೂರೂ ಸಮುದಾಯದ ಮನಸ್ಸಿನ ಕಷ್ಟಗಳನ್ನ ದಾಖಲಿಸಿದರು. ವೈದ್ಯ, ಮಂತ್ರವಾದಿ, ಪಾತ್ರಿ ಎಲ್ಲರನ್ನೂ ಮಾತಾಡಿಸಿದರು. 1976ರಲ್ಲಿ ಅದು ಪುಸ್ತಕವಾಯಿತು. ಜನ ಡಾಕ್ಟರ ಹತ್ತಿರವೂ ಹೋಗ್ತಾರೆ, ಪಾತ್ರಿ ಹತ್ತಿರವೂ ಹೋಗ್ತಾರೆ, ಅವರಿಗೆ ಇದರಲ್ಲಿ ಏನೂ ವಿರೋಧ ಕಾಣಲ್ಲ ಅನ್ನೋದು ಅಲ್ಲಿ ಕಂಡ ಸತ್ಯ. ನಮ್ಮ ಚಂದ್ರಶೇಖರ್ ಕೂಡ 1981ರಲ್ಲಿ ಮೈಮೇಲೆ ಬರುವುದರ ಬಗ್ಗೆಯೇ ಮನೋವೈದ್ಯರ ಪತ್ರಿಕೆಯಲ್ಲಿ ಬರೆದರು.

ನಿಮ್ಹಾನ್ಸ್ ಹುಟ್ಟಿದ್ದು 1974ರ ಡಿಸೆಂಬರಿನಲ್ಲಿ, ಹಳೇ ಮಾನಸಿಕ ಆಸ್ಪತ್ರೆಯನ್ನೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಕೂಡಿಸಿ. ಮರುವರ್ಷವೇ ಅಲ್ಲಿ ಸಮುದಾಯ ಮಾನಸಿಕ ಆರೋಗ್ಯ ಘಟಕ ಶುರುವಾಯಿತು. ಬನ್ನೇರುಘಟ್ಟದ ಹತ್ತಿರ ಸಕಲವಾರ ಅನ್ನೋ ಹಳ್ಳಿಯಲ್ಲಿ ಒಂದು ಕೇಂದ್ರ ತೆರೆದರು. ಈಗ ಆ ರಸ್ತೆಯಲ್ಲಿ ಓಡಾಡುವ ನನ್ನ ಎಷ್ಟೋ ಸಹೋದ್ಯೋಗಿಗಳಿಗೆ ಅದೊಂದು ಟ್ರಾಫಿಕ್ ಜಾಮಿನ ಹೆಸರು. ಅದೇ ಕಾಲಕ್ಕೆ ಚಂಡೀಗಢದವರು ಹರಿಯಾಣದ ರಾಯಪುರ ರಾಣಿಯಲ್ಲಿ ಇದೇ ಪ್ರಯೋಗ ಮಾಡುತ್ತಿದ್ದರು. ಅಲ್ಲಿದ್ದ ಡಾ. ಆರ್. ಶ್ರೀನಿವಾಸಮೂರ್ತಿ ಆಮೇಲೆ ನಿಮ್ಹಾನ್ಸ್‌ಗೆ ಬಂದರು.

ಪ್ರಶ್ನೆ ನೇರವಾಗಿತ್ತು. ದೇಶದಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟು. ಅವರು ದೊಡ್ಡ ಊರು ಬಿಟ್ಟು ಬರಲ್ಲ. ಹಾಗಾದರೆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಎಂಬಿಬಿಎಸ್ ಡಾಕ್ಟರಿಗೆ, ಲಸಿಕೆ ಹಾಕಲು ಮನೆಮನೆ ತಿರುಗುವ ಆರೋಗ್ಯ ಸಹಾಯಕಿಗೆ ಇದನ್ನ ಕಲಿಸಬಹುದಾ? 1982ರಲ್ಲಿ ದೇಶ ಒಂದು ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಒಪ್ಪಿಕೊಂಡಿತು. ಆದರೆ ಸಕಲವಾರದಲ್ಲಿ ನಡೆದದ್ದು ಇಡೀ ಜಿಲ್ಲೆಗೆ ನಡೆಯುತ್ತದಾ ಅಂತ ತೋರಿಸಬೇಕಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಲ್ಯಾಪ್‌ಟಾಪಿನಲ್ಲಿ ಓಡಿದ್ದು ಪ್ರೊಡಕ್ಷನ್‌ನಲ್ಲಿ ಓಡ್ತದಾ?

ಅದಕ್ಕೆ ಆರಿಸಿದ್ದು ಬಳ್ಳಾರಿ ಜಿಲ್ಲೆ. ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರ್, ಆಗಿನ ಜನಸಂಖ್ಯೆ ಸುಮಾರು 15 ಲಕ್ಷ, ಬಿಸಿಲು ನಮ್ಮಷ್ಟೇ. 1980ರ ದಶಕದ ನಡುವಿನಿಂದ 1990ರವರೆಗೆ ಕೆಲಸ ನಡೆಯಿತು. ಹೊಸ ಕಟ್ಟಡ ಕಟ್ಟಲಿಲ್ಲ, ಹೊಸ ಇಲಾಖೆ ತೆರೆಯಲಿಲ್ಲ. ಇದ್ದ ಡಾಕ್ಟರುಗಳಿಗೆ ಕೆಲವು ದಿನಗಳ ತರಬೇತಿ, ಸಹಾಯಕಿಯರಿಗೆ ಅದಕ್ಕಿಂತ ಚಿಕ್ಕ ತರಬೇತಿ. ಕಲಿಸಿದ ಕಾಯಿಲೆಗಳೂ ಬೆರಳೆಣಿಕೆಯವು: ತೀವ್ರ ಮನೋರೋಗ, ಖಿನ್ನತೆ, ಬುದ್ಧಿಮಾಂದ್ಯ, ಮೂರ್ಛೆರೋಗ. ಮೂರ್ಛೆ ಮನೋರೋಗ ಅಲ್ಲವಲ್ಲ ಅಂತ ನೀವು ಕೇಳಬಹುದು. ಅಲ್ಲ. ಆದರೆ ಹಳ್ಳಿಯಲ್ಲಿ ಅದನ್ನೂ ಗಾಳಿ ಸೋಕಿದ್ದು ಅಂತಲೇ ನೋಡುತ್ತಿದ್ದರು, ಅದಕ್ಕೆ ಅಗ್ಗದ ಮಾತ್ರೆ ಇತ್ತು, ಮಾತ್ರೆ ಕೊಟ್ಟರೆ ಫಿಟ್ಸ್ ನಿಲ್ಲುವುದು ಊರಿಗೇ ಕಾಣುತ್ತಿತ್ತು. ಒಂದು ಸಲ ಊರಿಗೆ ನಂಬಿಕೆ ಬಂದರೆ ಮಿಕ್ಕ ಕಾಯಿಲೆಯವರೂ ಬರ್ತಾರೆ. ಇದು ನನಗೆ ಬಹಳ ಜಾಣ ಆಯ್ಕೆ ಅನ್ನಿಸುತ್ತದೆ.

ಔಷಧದ ಪಟ್ಟಿಯೂ ಚಿಕ್ಕದು, ಕೈಬೆರಳಲ್ಲಿ ಎಣಿಸಬಹುದಾದಷ್ಟು: ಕ್ಲೋರ್‌ಪ್ರೊಮಝಿನ್, ಫೀನೊಬಾರ್ಬಿಟೋನ್, ಇಮಿಪ್ರಮಿನ್ ಮುಂತಾದವು. ಪ್ರತಿ ರೋಗಿಗೂ ಒಂದು ಸರಳ ದಾಖಲೆ. ಈ ತಿಂಗಳು ಮಾತ್ರೆಗೆ ಬರದಿದ್ದರೆ ಸಹಾಯಕಿ ಮನೆಗೆ ಹೋಗಿ ಯಾಕೆ ಬರಲಿಲ್ಲ ಅಂತ ಕೇಳಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಕಷ್ಟದ ಕೇಸುಗಳಿಗೆ ಒಂದು ಕ್ಲಿನಿಕ್, ಮೇಲ್ವಿಚಾರಣೆಗೆ ಒಂದು ಸಣ್ಣ ತಂಡ. ಡಾಕ್ಟರುಗಳಿಗಾಗಿ ಬರೆದ ಕೈಪಿಡಿಯ ಲೇಖಕರಲ್ಲಿ ಮೋಹನ್ ಐಸಾಕ್, ಶ್ರೀನಿವಾಸಮೂರ್ತಿಯವರ ಜೊತೆ ನಮ್ಮ ಚಂದ್ರಶೇಖರ್ ಹೆಸರೂ ಇದೆ. ಬ್ರಹ್ಮಪುರದ ಟ್ರಂಕಿನ ಪುಸ್ತಕದ ಸರಳ ಕನ್ನಡ ಎಲ್ಲಿಂದ ಬಂತು ಅನ್ನೋದಕ್ಕೆ ನನಗೆ ಸಿಕ್ಕ ಉತ್ತರ ಇದು. ಪಟ್ಟಣದ ಡಾಕ್ಟರ ಮಾತನ್ನ ಹಳ್ಳಿಯ ಸಹಾಯಕಿಗೆ ತಿಳಿಯುವಂತೆ ಹೇಳುವ ಅಭ್ಯಾಸ ಇದ್ದವರಿಗೆ ಅಂಥ ಕನ್ನಡ ಬರ್ತದೆ.

ಬಳ್ಳಾರಿ ಮಾದರಿ ಅಂತ ಅದಕ್ಕೆ ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದಾಗ ಎದುರಿಗಿದ್ದದ್ದು ಇದೇ ನಮೂನೆ. ಆದರೆ ನಕಲು ಮಾಡುವಾಗ ಜೀವ ಇದ್ದ ಭಾಗವೇ ಬಿಟ್ಟುಹೋಯಿತು. ಎಷ್ಟೋ ಜಿಲ್ಲೆಗಳಲ್ಲಿ ಅದು ಜಿಲ್ಲಾ ಆಸ್ಪತ್ರೆಯ ಒಂದು ಓಪಿಡಿ ಕೋಣೆಯಾಗಿ ನಿಂತಿತು. ತರಬೇತಿ ಪಡೆದ ಡಾಕ್ಟರಿಗೆ ವರ್ಗ ಆಗ್ತದೆ, ಮಾತ್ರೆ ಸ್ಟಾಕ್ ಮುಗೀತದೆ, ಮನೆಗೆ ಹೋಗಿ ಕೇಳುವವರು ಇರಲ್ಲ. ಕೋಡ್ ಎತ್ತಿಕೊಂಡು ಹೋಗಿ ಮಾನಿಟರಿಂಗ್ ಬಿಟ್ಟು ಬಂದಂಗೆ.

2001ನೇ ಇಸವಿಯನ್ನ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಆ ವರ್ಷದ ತನ್ನ ಇಡೀ ವರದಿಯನ್ನ ಮಾನಸಿಕ ಆರೋಗ್ಯಕ್ಕೇ ಮೀಸಲಿಟ್ಟಿತು. ಅದರ ಪ್ರಧಾನ ಸಂಪಾದಕರು ಇದೇ ಶ್ರೀನಿವಾಸಮೂರ್ತಿ. ಅದೇ ವರ್ಷ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾ ಪಕ್ಕದ ಒಂದು ಖಾಸಗಿ ಆಶ್ರಯದ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿ ಕಟ್ಟಿದ್ದರಿಂದ ಓಡಲಾಗದೆ 28 ಜನ ಸತ್ತರು. ಒಂದೇ ದೇಶ, ಒಂದೇ ವರ್ಷ. ಸರಪಳಿ ಹಾಕುವುದನ್ನ ಸ್ಪಷ್ಟ ಪದಗಳಲ್ಲಿ ನಿಷೇಧಿಸಿದ ಕಾಯ್ದೆ ಬಂದದ್ದು 2017ರಲ್ಲಿ, ಜಾರಿಯಾಗಿದ್ದು 2018ರ ಮೇ ತಿಂಗಳಲ್ಲಿ.

ಇನ್ನು ಪ್ರಶಸ್ತಿಗಳ ಮಾತು. ನಾವು ಐಟಿಯವರಿಗೆ ಸ್ಪಾಟ್ ಅವಾರ್ಡ್ ಹೇಗೆ ಸಿಗ್ತದೆ ಗೊತ್ತಲ್ಲ. ರಾತ್ರಿ ಎರಡಕ್ಕೆ ಸರ್ವರ್ ಬಿದ್ದಾಗ ಎದ್ದು ಎತ್ತಿದವನಿಗೆ. ಸರ್ವರ್ ಬೀಳದಂತೆ ವರ್ಷವಿಡೀ ನೋಡಿಕೊಂಡವಳಿಗೆ ಏನೂ ಇಲ್ಲ, ಯಾಕಂದರೆ ಏನೂ ಆಗಲೇ ಇಲ್ಲವಲ್ಲ! ಸಮುದಾಯದ ಮಾನಸಿಕ ಆರೋಗ್ಯ ಪೂರ್ತಿ ಎರಡನೇ ಜಾತಿಯ ಕೆಲಸ. ಫಿಟ್ಸ್ ಬರಲಿಲ್ಲ, ಹಗ್ಗ ಕಟ್ಟಲಿಲ್ಲ, ಬಾವಿಗೆ ಬೀಳಲಿಲ್ಲ. ಆಗದೇ ಇದ್ದದ್ದಕ್ಕೆ ಫೋಟೋ ತೆಗೆಯುವುದು ಹೇಗೆ?

ಹಾಗಂತ ವ್ಯಕ್ತಿಗೆ ಕೊಡುವ ಪ್ರಶಸ್ತಿ ದಂಡ ಅಂತ ನಾನು ಹೇಳಲ್ಲ. ಮಹಾರಾಷ್ಟ್ರದಲ್ಲಿ ಬೀದಿಪಾಲಾದ ಮನೋರೋಗಿಗಳನ್ನ ಕರೆದೊಯ್ದು, ಗುಣಪಡಿಸಿ, ಮನೆ ಹುಡುಕಿ ತಲುಪಿಸುವ ಡಾ. ಭರತ್ ವಾಟ್ವಾನಿಗೆ 2018ರಲ್ಲಿ ಮ್ಯಾಗ್ಸೆಸೆ ಬಂದ ಮೇಲೆ ಎಷ್ಟೋ ಜನ ಫುಟ್‌ಪಾತಿನ ಮನುಷ್ಯನನ್ನ ಮೊದಲ ಸಲ ರೋಗಿ ಅಂತ ನೋಡಿದರು. ಪದ್ಮಶ್ರೀಯಿಂದಲೂ ಅಷ್ಟು ಉಪಕಾರ ಆಗ್ತದೆ. ಮನೋವೈದ್ಯನಿಗೆ ರಾಷ್ಟ್ರಪತಿ ಪದಕ ಕೊಡ್ತಾರೆ ಅಂದರೆ, ಆತನ ಹತ್ತಿರ ಹೋಗುವುದು ನಾಚಿಕೆ ಅಲ್ಲ ಅಂತ ನನ್ನ ಅಪ್ಪನಂಥವರಿಗೆ ಅನ್ನಿಸಬಹುದು. ಆದರೂ ಎರಡರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಮಂಡೇಲಾ ಹೆಸರಿನದು, ಅದು ಒಬ್ಬರ ಕೊರಳಿಗೆ ಹೋಗದೆ ಸಂಸ್ಥೆಗೆ ಹೋಯಿತು ಅನ್ನೋ ಕಾರಣಕ್ಕೆ. ಸಕಲವಾರ, ಬಳ್ಳಾರಿ, 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್, ಎಲ್ಲ ಒಂದೇ ದಾರ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಅದರ ತಂತ್ರಾಂಶದ ಕೆಲಸ ನಮ್ಮ ಎಲೆಕ್ಟ್ರಾನಿಕ್ ಸಿಟಿಯ ಐಐಐಟಿಯವರದು ಅನ್ನೋದು ನನ್ನಂಥವರಿಗೆ ಒಂದು ಸಣ್ಣ ಖುಷಿ.

ಖುಷಿಗೆ ಮಿತಿಯೂ ಇದೆ. ಇದೇ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ಮಾಡಿದ ಸಮೀಕ್ಷೆ ಪ್ರಕಾರ, ಚಿಕಿತ್ಸೆ ಬೇಕಾಗಿದ್ದೂ ಸಿಗದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ಶೇಕಡಾ 70ರಿಂದ 92. ಆ 12ರಲ್ಲಿ ಕರ್ನಾಟಕ ಇರಲಿಲ್ಲ. ನಮ್ಮಲ್ಲಿ ಬಹಳ ಬೇರೆ ಇದ್ದೀತು ಅಂತ ನಂಬಲು ನನಗೇನೂ ಕಾರಣ ಕಾಣಲ್ಲ.

ಬಳ್ಳಾರಿಯ ಬಗ್ಗೆ ಬಂದ ಲೇಖನಗಳಲ್ಲಿ ಪ್ರೊಫೆಸರುಗಳ ಹೆಸರಿದೆ, ಹಳ್ಳಿ ಸುತ್ತಿದ ಸಹಾಯಕಿಯರು 'ಆರೋಗ್ಯ ಕಾರ್ಯಕರ್ತರು' ಅನ್ನೋ ಒಂದೇ ಪದದೊಳಗೆ ಕೂತಿದ್ದಾರೆ. 1985ರಲ್ಲಿ 25 ವರ್ಷದವರಿದ್ದ ಸಹಾಯಕಿಗೆ ಜಿನೀವಾದಲ್ಲಿ ಚಪ್ಪಾಳೆ ಬೀಳುವ ಹೊತ್ತಿಗೆ 64. ನಿವೃತ್ತಿಯಾಗಿ ಸಂಡೂರಿನಲ್ಲೋ, ಸಿರುಗುಪ್ಪದಲ್ಲೋ, ಈಗ ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿಯಲ್ಲೋ ಮೊಮ್ಮಕ್ಕಳನ್ನ ಆಡಿಸುತ್ತಿರಬೇಕು. ಈ ತಿಂಗಳು ಮಾತ್ರೆಗೆ ಯಾಕ ಬರಲಿಲ್ಲ ಅಂತ ಬಿಸಿಲಲ್ಲಿ ನಡೆದು ಹೋಗಿ ಕೇಳಿದ ಮನೆಗಳು ಆಕೆಗೆ ಇನ್ನೂ ನೆನಪಿರಬಹುದು.