ಕ್ಯಾಸಲ್‌ರಾಕ್: ಶಾಸನವಿಲ್ಲದ ಊರಿನ ಚರಿತ್ರೆ

ನಮ್ಮಲ್ಲಿ ಗ್ರಾಮಚರಿತ್ರೆ ಬರೆಯುವುದಕ್ಕೆ ಒಂದು ರೂಢಿಯ ಕ್ರಮವಿದೆ. ಊರಿನ ಹೆಸರಿನ ನಿಷ್ಪತ್ತಿ ಮೊದಲು. ಅನಂತರ ಶಾಸನ, ಗುಡಿ ಅಥವಾ ಬಸದಿ, ವೀರಗಲ್ಲು, ಸ್ಥಳಪುರಾಣ. ಖಾನಾಪುರ ತಾಲ್ಲೂಕಿನ ಹಲಸಿಗೆ ಈ ಕ್ರಮ ಚೆನ್ನಾಗಿ ಒಪ್ಪುತ್ತದೆ. ಪಲಾಶಿಕೆಯೆಂಬ ಹೆಸರಿನಿಂದ ಅದು ಒಂದೂವರೆ ಸಾವಿರ ವರ್ಷಗಳ ಹಿಂದಿನ ಕದಂಬರ ತಾಮ್ರಪಟಗಳಲ್ಲಿಯೇ ಕಾಣಿಸಿಕೊಂಡಿದೆ. ಅಲ್ಲಿಂದ ನೈಋತ್ಯಕ್ಕೆ, ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಕಾಡಂಚಿನಲ್ಲಿ, ಗೋವೆಯ ಗಡಿಗೆ ತಗುಲಿಕೊಂಡಿರುವ ಕ್ಯಾಸಲ್‌ರಾಕಿಗೆ ಮಾತ್ರ ಈ ಅಳತೆಗೋಲು ಸಲ್ಲದು. ಹೆಸರೇ ಇಂಗ್ಲಿಷಿನದು: ಕೋಟೆಯಂಥ ಬಂಡೆ. ಇದರ ಜನ್ಮಪತ್ರಿಕೆಯನ್ನು ಕಲ್ಲಿನಲ್ಲಲ್ಲ, ಎರಡು ಯುರೋಪಿಯನ್ ಸರ್ಕಾರಗಳ ನಡುವಣ ಒಪ್ಪಂದದ ಕಾಗದಗಳಲ್ಲಿ ಹುಡುಕಬೇಕು.

ಇಲ್ಲಿನ ಗಡಿಯಾದರೂ ಹಳೆಯದೇನಲ್ಲ. ಗೋವೆಯ ಕದಂಬರ ಕಾಲದಲ್ಲಿ ಘಟ್ಟದ ಮೇಲೂ ಕೆಳಗೂ ಒಂದೇ ಆಳ್ವಿಕೆಯಿತ್ತು. ಹಲಸಿ ಅವರ ಎರಡನೆಯ ರಾಜಧಾನಿ. ಹೈದರಾಲಿಯ ಸೇನೆ 18ನೆಯ ಶತಮಾನದಲ್ಲಿ ಸೋದೆಯನ್ನು ಗೆದ್ದಾಗ ಅಲ್ಲಿಯ ಅರಸನು ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದನು. ಘಟ್ಟದ ಕೆಳಗಿನ ಸೋದೆಯ ನೆಲವು ಆ ಶತಮಾನ ಮುಗಿಯುವುದರೊಳಗೆ ಪೋರ್ಚುಗೀಸರ ‘ಹೊಸ ಗೆಲುವು’ಗಳಲ್ಲಿ ಸೇರಿಹೋಯಿತು. ಸೋದೆಯ ಪತನವನ್ನು ಸಾಹಿತ್ಯ ಚರಿತ್ರೆಯ ದೃಷ್ಟಿಯಿಂದ ಮಾತ್ರ ಓದುವ ನಾವು ಅದರ ಈ ಮುಖವನ್ನು ಅಷ್ಟಾಗಿ ಗಮನಿಸಿಲ್ಲ.

ಬ್ರಿಟನ್ ಮತ್ತು ಪೋರ್ಚುಗಲ್ 1878ರ ಡಿಸೆಂಬರಿನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಅದರಂತೆ ಬ್ರಿಟಿಷ್ ಭಾರತ ಮತ್ತು ಗೋವೆಗಳು 12 ವರ್ಷಗಳ ಅವಧಿಗೆ ಒಂದೇ ಸುಂಕವಲಯವಾಗಬೇಕು. ಗೋವೆಯ ಉಪ್ಪಿನ ತಯಾರಿಕೆ ಬ್ರಿಟಿಷರ ಹತೋಟಿಗೆ ಬರಬೇಕು. ಪ್ರತಿಯಾಗಿ ಬ್ರಿಟಿಷ್ ಭಾರತ ಸರ್ಕಾರ ಪ್ರತಿವರ್ಷ 4 ಲಕ್ಷ ರೂಪಾಯಿ ಕೊಡಬೇಕು. ಮುರಗಾಂವ ಬಂದರಿನಿಂದ ಒಳನಾಡಿಗೆ ರೈಲುಮಾರ್ಗವಾಗಬೇಕು. ಲಂಡನ್ನಿನಲ್ಲಿ 1881ರಲ್ಲಿ ಸ್ಥಾಪನೆಯಾದ ಕಂಪನಿಯೊಂದು ಲಿಸ್ಬನ್ ಸರ್ಕಾರದ ಬಡ್ಡಿಯ ಖಾತರಿಯ ಮೇಲೆ ಈ ಮಾರ್ಗವನ್ನು ಕಟ್ಟಿತು. ಪೋರ್ಚುಗಲ್ಲಿನ ರಾಜಮನೆತನದ ಹೆಸರಿನಿಂದ ಬ್ರಗಾಂಜಾ ಘಾಟೆನಿಸಿಕೊಂಡ ಕಡಿದಾದ ಏರನ್ನು ಹತ್ತಿ, ದೂಧಸಾಗರ ಜಲಪಾತದ ಎದುರಿನಲ್ಲಿಯೇ ಹಾದು, ಹಳಿ 1888ರಲ್ಲಿ ಕ್ಯಾಸಲ್‌ರಾಕನ್ನು ಮುಟ್ಟಿತು. ಈ ಕಡೆಯಿಂದ ಧಾರವಾಡವನ್ನು ಕೇಂದ್ರವಾಗಿಸಿಕೊಂಡಿದ್ದ ಸದರ್ನ್ ಮರಾಠಾ ರೈಲ್ವೆ ಲೋಂಡಾ ಮಾರ್ಗವಾಗಿ ಬಂದು ಸೇರಿತು. ಸಂಶೋಧಕರು ಮೊದಲು ತೆರೆಯುವ ಬಾಂಬೆ ಗೆಜೆಟಿಯರಿನ ಕೆನರಾ ಸಂಪುಟ ಪ್ರಕಟವಾದದ್ದು 1883ರಲ್ಲಿ. ರೈಲ್ವೆಯ ಕ್ಯಾಸಲ್‌ರಾಕನ್ನು ಅದರಲ್ಲಿ ಅರಸುವುದು ವ್ಯರ್ಥ.

ಸುಂಕದ ಗಡಿಯನ್ನು ಅಳಿಸುವ ಒಪ್ಪಂದದಿಂದಲೇ ಈ ಹಳಿ ಹುಟ್ಟಿತಷ್ಟೆ. ಒಪ್ಪಂದವು ಹಾಗೆಯೇ ಮುಂದುವರಿದಿದ್ದರೆ ಕ್ಯಾಸಲ್‌ರಾಕ್ ಎಂಜಿನ್ನಿಗೆ ನೀರು ತುಂಬುವ ಸಣ್ಣ ಠಾಣೆಯಾಗಿ ಉಳಿಯುತ್ತಿತ್ತೇನೋ. ಆದರೆ 1892ರ ಜನವರಿಯಲ್ಲಿ ಅವಧಿ ತೀರಿದಾಗ ಅದನ್ನು ನವೀಕರಿಸಲಿಲ್ಲ. ಸುಂಕದ ಗೋಡೆ ಮತ್ತೆ ಎದ್ದಿತು. ಈ ಬಾರಿ ಹಳಿಗೆ ಅಡ್ಡವಾಗಿ. ಪ್ರಯಾಣಿಕರು ಇಳಿದು ಗಂಟುಮೂಟೆಗಳನ್ನು ಬಿಚ್ಚಿ ತೋರಿಸಬೇಕಾಯಿತು. ಘಟ್ಟದ ಕೆಳಗೆ ಕುಳೆಯಲ್ಲಿ ಪೋರ್ಚುಗೀಸರ ತಪಾಸಣೆ ಬೇರೆ. ಸುಂಕದವರು, ಪೊಲೀಸರು, ಡ್ರೈವರುಗಳು, ಗಾರ್ಡುಗಳು, ಗ್ಯಾಂಗ್‌ಮನ್‌ಗಳು, ಹಮಾಲರು ಇವರನ್ನು ಆಧರಿಸಿಯೇ ವಸತಿ ನಿಂತಿತು. ಸುತ್ತಣ ಕಾಡಿನ ಕುಣಬಿಗಳಿಗೂ ಗೌಳಿಗಳಿಗೂ ಇದು ಹೊಸ ಲೋಕ. ಒಪ್ಪಂದ ವಿಫಲವಾದದ್ದೇ ಊರಿಗೆ ಬದುಕಾಯಿತೆಂಬುದು ನನ್ನ ಅಭಿಪ್ರಾಯ.

ಗೋವಾ ವಿಮೋಚನೆಯ ಕಥನದಲ್ಲಿ ಈ ಹಳಿಗೆ ದೊರೆಯಬೇಕಾದ ಸ್ಥಾನ ಇನ್ನೂ ದೊರೆತಿಲ್ಲ. ರಾಮಮನೋಹರ ಲೋಹಿಯಾ 1946ರ ಸೆಪ್ಟೆಂಬರಿನಲ್ಲಿ ಎರಡನೆಯ ಬಾರಿ ಗೋವೆಯನ್ನು ಪ್ರವೇಶಿಸಿದಾಗ ಬಂಧಿತರಾದದ್ದು ಕುಳೆ ನಿಲ್ದಾಣದಲ್ಲಿ. 1955ರ ಆಗಸ್ಟ್ 15ರಂದು ಸತ್ಯಾಗ್ರಹಿಗಳು ಗಡಿಯ ಹಲವೆಡೆ ಒಳನುಗ್ಗಿ ಪೋರ್ಚುಗೀಸರ ಗುಂಡಿಗೆ ಎದೆಯೊಡ್ಡಿದಾಗ ಕ್ಯಾಸಲ್‌ರಾಕಿನ ಹಾದಿಯೂ ಅವುಗಳಲ್ಲೊಂದಾಗಿತ್ತು. ಅದೇ ವರ್ಷ ಭಾರತವು ಗೋವೆಯ ರೈಲು ಸಂಪರ್ಕವನ್ನು ಕಡಿದುಹಾಕಿತು. ನಡುವಣ ನಿಲ್ದಾಣವಾಗಿದ್ದುದು ಹಳಿಯ ಕೊನೆಯಾಯಿತು. 1961ರ ಡಿಸೆಂಬರಿನಲ್ಲಿ ಗೋವೆ ಭಾರತಕ್ಕೆ ಸೇರಿದ ಮೇಲೆ ಸಂಪರ್ಕ ಮರಳಿ ಬಂದಿತು, ಸುಂಕದಕಟ್ಟೆ ಮರಳಲಿಲ್ಲ. ದೇಶಕ್ಕೆ ಸಂಭ್ರಮ ತಂದ ಘಟನೆಯೇ ಈ ಊರಿನ ಒಂದು ಕಸುಬನ್ನು ಕೊನೆಗೊಳಿಸಿತು.

ಗಡಿ ಹೋದ ಬಳಿಕ ಉಳಿದದ್ದು ಘಟ್ಟ. ಇಲ್ಲಿಂದ ಕುಳೆಗೆ ಸುಮಾರು 26 ಕಿ.ಮೀ.; ಮೂವತ್ತೇಳು ಮೀಟರಿಗೆ ಒಂದು ಮೀಟರಿನಷ್ಟು ಇಳಿಜಾರು. 1990ರ ದಶಕದಲ್ಲಿ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದರೂ ಈ ಇಳಿಜಾರು ಕರಗಲಿಲ್ಲ. ಒಂದು ಕಾಲಕ್ಕೆ ಹೊಸಪೇಟೆ ಕಡೆಯ ಅದಿರು ಬಂದರಿಗೆ ಇಳಿಯುತ್ತಿತ್ತು. ಈಗ ಹೊರದೇಶದ ಕಲ್ಲಿದ್ದಲು ಬಂದರಿನಿಂದ ಮೇಲಕ್ಕೆ ಏರುತ್ತದೆ. ಈ ಸಾಗಣೆಗಾಗಿ ಜೋಡಿಹಳಿ ಹಾಕುವ ಯೋಜನೆಯ ವಿರುದ್ಧ ಗೋವೆಯಲ್ಲಿ ಜನ ಬೀದಿಗಿಳಿದರು. ತಿನೈಘಾಟ್‌ನಿಂದ ಕ್ಯಾಸಲ್‌ರಾಕ್ ಮೂಲಕ ಕಾರಂಜೋಳದವರೆಗಿನ ಕಾಮಗಾರಿಗೆ ವನ್ಯಜೀವಿ ಮಂಡಳಿ ನೀಡಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಿನಲ್ಲಿ ರದ್ದುಪಡಿಸಿತು. ಈ ವಿವಾದದಲ್ಲಿ ಹುಲಿಯ ಮಾತು ಬಂದಿದೆ, ಕಲ್ಲಿದ್ದಲಿನ ಮಾತು ಬಂದಿದೆ. ಘಟ್ಟದ ನೆತ್ತಿಯ ಈ ಹಳ್ಳಿಯ ಮಾತು ವಿರಳ.

ಇದರ ಚರಿತ್ರೆ ಬರೆಯಬಯಸುವ ವಿದ್ಯಾರ್ಥಿಗೆ ಕನ್ನಡವೊಂದೇ ಸಾಲದು. ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ಇಂಗ್ಲಿಷ್, ಗೋವೆಯ ಕಡತಗಳಿಗೆ ಪೋರ್ಚುಗೀಸ್, ಜನರ ನೆನಪಿಗೆ ಕೊಂಕಣಿ, ಮರಾಠಿಗಳು ಬೇಕು. ಕಾಗದಗಳು ಕಾಯಬಹುದು, ಹಳೆಯ ರೈಲ್ವೆ ಕುಟುಂಬಗಳ ಹಿರಿಯರು ಕಾಯಲಾರರು. ಘಟ್ಟ ಇಳಿಯುವ ಗಾಡಿ ಈಗಲೂ ಬ್ರೇಕಿನ ಪರೀಕ್ಷೆಗೆಂದು ಇಲ್ಲಿ ನಿಲ್ಲುತ್ತದೆ. ಕೇಳಬೇಕಾದವರು ಅಲ್ಲಿ ಇಳಿಯಬಹುದು.