ಸಂತ ಬೆನೆಡಿಕ್ಟರ ಅಳತೆಪಾತ್ರೆ



ಜುಲೈ 11ರಂದು ಧರ್ಮಸಭೆ ಸಂತ ಬೆನೆಡಿಕ್ಟರನ್ನು ಸ್ಮರಿಸುತ್ತದೆ. ಈ ಸಂತರ ಬಗ್ಗೆ ಬರೆಯಲು ಕುಳಿತಾಗ ನಮಗೆ ನೆನಪಾದದ್ದು ಒಂದು ಮನೆಭೇಟಿ. ಅಮೆರಿಕದಲ್ಲಿ ಕೆಲಸಕ್ಕಿರುವ ಯುವಕನೊಬ್ಬ ರಜೆಗೆ ಊರಿಗೆ ಬಂದಿದ್ದ. ಅಲ್ಲಿ ಬಿಡುವಿನ ವೇಳೆಯಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವುದು ಅವನ ಹವ್ಯಾಸ. "ಫಾದರ್, ಹಿಂದೆ ಸನ್ಯಾಸಿಗಳೇ ಬಿಯರ್ ಮಾಡುತ್ತಿದ್ದರಂತಲ್ಲ, ಹಾಗಾದರೆ ನಾನು ಮಾಡುವುದು ತಪ್ಪೇ?" ಎಂದು ನಗುತ್ತಾ ಕೇಳಿದ. ಅವನ ತಾಯಿ ನಗಲಿಲ್ಲ. ಆ ಮನೆಯ ಯಜಮಾನರು ಕುಡಿತದಿಂದಲೇ ತೀರಿಕೊಂಡವರು. ಅಂದು ನಾವು ಏನೋ ಒಂದು ಮಾತು ಹೇಳಿ, ಕಾಫಿ ಕುಡಿದು ಹೊರಟು ಬಂದೆವು. ಆ ಪ್ರಶ್ನೆ ಮಾತ್ರ ನಮ್ಮೊಂದಿಗೇ ಬಂತು. ಇಂದು ಅದನ್ನು ಚರಿತ್ರೆಯ ಮುಂದೆ ಇಡೋಣ.

ಆರನೆಯ ಶತಮಾನದಲ್ಲಿ ಇಟಲಿಯ ಮೊಂತೆ ಕಸಿನೊ ಬೆಟ್ಟದ ಮೇಲೆ ಸಂತ ಬೆನೆಡಿಕ್ಟರು ತಮ್ಮ ಸನ್ಯಾಸಿಗಳಿಗಾಗಿ ಒಂದು ನಿಯಮಾವಳಿಯನ್ನು ಬರೆದರು. ಅದರ 48ನೆಯ ಅಧ್ಯಾಯ ಕೈದುಡಿಮೆಯನ್ನು ಕುರಿತದ್ದು. ಸೋಮಾರಿತನ ಆತ್ಮಕ್ಕೆ ಶತ್ರುವೆಂಬುದು ಅದರ ಬೋಧನೆ. 53ನೆಯ ಅಧ್ಯಾಯದ ಪ್ರಕಾರ ಮಠಕ್ಕೆ ಬಂದ ಅತಿಥಿಯನ್ನು ಕ್ರಿಸ್ತರೆಂದೇ ಬರಮಾಡಿಕೊಳ್ಳಬೇಕು. 40ನೆಯ ಅಧ್ಯಾಯ ಪಾನೀಯದ ಅಳತೆಯನ್ನು ಕುರಿತದ್ದು. ದಿನಕ್ಕೆ ಒಬ್ಬರಿಗೆ ಒಂದು 'ಹೆಮಿನ' ದ್ರಾಕ್ಷಾರಸ ಸಾಕು, ಅಂದರೆ ಸುಮಾರು ಕಾಲು ಲೀಟರು ಎಂದು ಹಲವರ ಲೆಕ್ಕ. ಕುಡಿಯದೇ ಇರುವ ಶಕ್ತಿಯನ್ನು ದೇವರು ಯಾರಿಗೆ ಕೊಟ್ಟಿದ್ದಾರೋ ಅವರಿಗೆ ವಿಶೇಷ ಪ್ರತಿಫಲವಿದೆ ಎಂದೂ ಸಂತರು ಸೇರಿಸುತ್ತಾರೆ.

ದ್ರಾಕ್ಷಿ ಚೆನ್ನಾಗಿ ಬೆಳೆಯದ ಉತ್ತರ ಯೂರೋಪಿನ ನಾಡುಗಳಿಗೆ ಈ ನಿಯಮಾವಳಿ ಹೋದಾಗ, ಅಲ್ಲಿನ ಜವೆಗೋಧಿಯ ಬಿಯರ್ ಮಠದ ಊಟದ ಮೇಜಿಗೆ ಬಂತು. ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಗ್ರಂಥಾಲಯದಲ್ಲಿ ಒಂಬತ್ತನೆಯ ಶತಮಾನದ ಮಠದ ನಕ್ಷೆಯೊಂದಿದೆ. ಅದರಲ್ಲಿ ಬಿಯರ್ ತಯಾರಿಸುವ ಮೂರು ಮನೆಗಳನ್ನು ಗುರುತಿಸಲಾಗಿದೆ: ಒಂದು ಗಣ್ಯ ಅತಿಥಿಗಳಿಗೆ, ಒಂದು ಸನ್ಯಾಸಿಗಳಿಗೆ, ಇನ್ನೊಂದು ಯಾತ್ರಿಕರಿಗೆ ಮತ್ತು ಬಡವರಿಗೆ. ಬಡವನ ಪಾಲನ್ನು ನಕ್ಷೆ ಬರೆಯುವಾಗಲೇ ತೆಗೆದಿಟ್ಟಿದ್ದರು!

ಬಿಯರ್ ತಯಾರಿಕೆ ತಾಳ್ಮೆಯ ಕೆಲಸ. ನಮ್ಮ ತಾಯಂದಿರು ಮಕ್ಕಳ ಹಿಟ್ಟಿಗಾಗಿ ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸುವಂತೆಯೇ ಅಲ್ಲಿ ಜವೆಗೋಧಿಯನ್ನು ಮೊಳಕೆ ಬರಿಸಿ ಒಣಗಿಸುತ್ತಾರೆ. ಅದನ್ನು ಒಡೆದು ಬಿಸಿನೀರಿನಲ್ಲಿ ನೆನೆಸಿದಾಗ ಕಾಳಿನ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂಗಳನ್ನು ಹಾಕಿ ಕುದಿಸುತ್ತಾರೆ. ಆರಿದ ಮೇಲೆ ಯೀಸ್ಟ್ ಸೇರಿಸಿದರೆ ಅದು ಹುದುಗುತ್ತದೆ. ಮುಂದಿನದು ಕಾಯುವಿಕೆ. ಹಾಪ್ಸಿನ ಕಹಿ ಪಾನೀಯವನ್ನು ಕೆಡದಂತೆ ಕಾಪಾಡುತ್ತದೆಂದು 12ನೆಯ ಶತಮಾನದಲ್ಲೇ ಬರೆದಿಟ್ಟವರು ಬಿಂಗೆನ್‌ನ ಸಂತ ಹಿಲ್ಡೆಗಾರ್ಡ್. ಬೆನೆಡಿಕ್ಟೈನ್ ಕನ್ಯಾಮಠದ ಈ ಮಾತೆಯನ್ನು 2012ರಲ್ಲಿ ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು.

ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಅನೇಕ ಮಠಗಳು ಮುಚ್ಚಿಹೋದವು. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಲ್ಜಿಯಂನಲ್ಲಿ ಟ್ರ್ಯಾಪಿಸ್ಟ್ ಸನ್ಯಾಸಿಗಳು ಮತ್ತೆ ಬೇರೂರಿದರು. ವೆಸ್ಟ್‌ಮಾಲೆ ಮಠದಲ್ಲಿ 1836ರ ಡಿಸೆಂಬರಿನಲ್ಲಿ ತಾವೇ ತಯಾರಿಸಿದ ಬಿಯರನ್ನು ಮೊದಲ ಬಾರಿಗೆ ಊಟಕ್ಕೆ ಬಡಿಸಿದರು. ಇಂದು ಟ್ರ್ಯಾಪಿಸ್ಟ್ ಮುದ್ರೆ ಬೇಕಾದರೆ ಮೂರು ಷರತ್ತುಗಳಿವೆ: ತಯಾರಿಕೆ ಮಠದ ಆವರಣದಲ್ಲೇ ನಡೆಯಬೇಕು, ಸನ್ಯಾಸಿಗಳ ಮೇಲ್ವಿಚಾರಣೆ ಇರಬೇಕು, ಬಂದ ಲಾಭ ಮಠದ ನಿರ್ವಹಣೆಗೆ ಮತ್ತು ಪರೋಪಕಾರಕ್ಕೆ ಹೋಗಬೇಕು. ವೆಸ್ಟ್‌ವ್ಲೆಟೆರೆನ್ ಮಠದ ಬಿಯರಿಗೆ ಜಗತ್ತಿನಾದ್ಯಂತ ಬೇಡಿಕೆಯಿದ್ದರೂ ಅಲ್ಲಿನ ಸನ್ಯಾಸಿಗಳು ತಯಾರಿಕೆಯನ್ನು ಹೆಚ್ಚಿಸಲು ಒಪ್ಪಲಿಲ್ಲ. ಹೊಟ್ಟೆಪಾಡಿಗೆ ಎಷ್ಟು ಬೇಕೋ ಅಷ್ಟೇ. ಉಳಿದ ವೇಳೆ ದೇವರದು. ಅಮೆರಿಕದ ಸ್ಪೆನ್ಸರ್ ಮಠದವರು 2014ರಲ್ಲಿ ಮಾರಾಟ ಆರಂಭಿಸಿದರು. ಗಿಟ್ಟದಿದ್ದಾಗ 2022ರಲ್ಲಿ ಆ ಕೆಲಸವನ್ನು ಬಿಟ್ಟರು. ಬಿಯರ್ ನಿಂತರೂ ಅವರ ಪ್ರಾರ್ಥನೆ ನಿಲ್ಲಲಿಲ್ಲ.

ನಮ್ಮ ಯುವಕನ ಹವ್ಯಾಸಕ್ಕೂ ಒಂದು ಚರಿತ್ರೆಯಿದೆ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿತ್ತು. ಅದು ಮುಗಿದರೂ ಮನೆಯಲ್ಲಿ ಬಿಯರ್ ಮಾಡುವುದು ಕಾನೂನುಬದ್ಧವಾಗಲಿಲ್ಲ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯಿದೆ ಅದಕ್ಕೆ ದಾರಿ ಮಾಡಿತು. ಅಲ್ಲಿಯೂ ಮಿತಿಯುಂಟು: ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಮಾರುವಂತಿಲ್ಲ. ಮನೆಯಲ್ಲಿ ಬಿಯರ್ ಮಾಡುತ್ತಿದ್ದ ಕೆನ್ ಗ್ರಾಸ್‌ಮನ್ 1980ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸಿಯೆರಾ ನೆವಾಡಾ ಎಂಬ ಸಂಸ್ಥೆ ಕಟ್ಟಿದರು. ಮುಂದೆ ಅದೇ ಸಂಸ್ಥೆ ನ್ಯೂ ಕ್ಲೇರ್‌ವೋ ಮಠದ ಸನ್ಯಾಸಿಗಳೊಂದಿಗೆ ಕೈಜೋಡಿಸಿತು. ಸ್ಪೇನಿನಿಂದ ಬಂದಿದ್ದ ಹಳೆಯ ಮಠದ ಕಲ್ಲುಗಳಿಂದ ಅಲ್ಲಿ ಸಭಾಗೃಹವನ್ನು ಮತ್ತೆ ಕಟ್ಟಲು ಆ ಬಿಯರಿನ ಹಣ ನೆರವಾಯಿತು.

ಹಾಗಾದರೆ ಆ ಮನೆಯಲ್ಲಿ ನಾವು ಹೇಳಬೇಕಾಗಿದ್ದ ಉತ್ತರವೇನು? ಮಗನಿಗೆ ಹೀಗೆ ಹೇಳಬೇಕಿತ್ತು: "ಮಗಾ, ದುಡಿಮೆ ಪಾಪವಲ್ಲ. ಕಾನಾ ಊರಿನ ಮದುವೆಯಲ್ಲಿ ಯೇಸುಸ್ವಾಮಿ ನೀರನ್ನು ದ್ರಾಕ್ಷಾರಸ ಮಾಡಿದರು. ಆದರೆ ಸನ್ಯಾಸಿಗಳ ಬಿಯರನ್ನು ಮಾತ್ರ ನೆನೆದು, ಅವರ ಅಳತೆಪಾತ್ರೆಯನ್ನು ಮರೆಯಬೇಡ. ಇಲ್ಲಿ, ನಮ್ಮ ರಾಜ್ಯದಲ್ಲಿ, ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಬಕಾರಿ ಕಾಯಿದೆಯ ಪ್ರಕಾರ ಅಪರಾಧ ಎಂಬುದನ್ನೂ ಮರೆಯಬೇಡ." ತಾಯಿಗೆ ಹೇಳಬೇಕಾಗಿದ್ದದ್ದು ಇನ್ನೂ ಮುಖ್ಯ: "ಅಮ್ಮಾ, ನಿಮ್ಮ ಭಯ ಅಜ್ಞಾನವಲ್ಲ, ಅದು ಅನುಭವ." ಸಹೋದರನು ಎಡವಿಬೀಳುವುದಾದರೆ ದ್ರಾಕ್ಷಾರಸವನ್ನೂ ಬಿಡುವುದು ಲೇಸೆಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದ 14ನೆಯ ಅಧ್ಯಾಯದಲ್ಲಿ ಬೋಧಿಸುತ್ತಾರೆ. ಕುಡಿತ ಒಮ್ಮೆ ಮುರಿದ ಮನೆಗೆ ಒಂದು 'ಹೆಮಿನ'ವೂ ಹೆಚ್ಚೇ. ಅಂಥ ಮನೆಗಾಗಿಯೇ ಸಂತರು ಆ ವಿಶೇಷ ಪ್ರತಿಫಲದ ಮಾತನ್ನು ಬರೆದಿಟ್ಟಿದ್ದಾರೆ ಎನಿಸುತ್ತದೆ.

ಮುಂದಿನ ರಜೆಗೆ ಆ ಯುವಕ ಬಂದಾಗ ಈ ಮಾತುಗಳನ್ನು ಹೇಳಲು ನಾವು ಆ ಮನೆಗೆ ಮತ್ತೆ ಹೋಗುತ್ತೇವೆ. ಪ್ರಿಯರೇ, ನಮ್ಮ ನಮ್ಮ ಮನೆಯ ಅಳತೆ ಎಷ್ಟೆಂದು ಈ ಹಬ್ಬದಂದು ಕುಟುಂಬ ಪ್ರಾರ್ಥನೆಯ ನಂತರ ಒಟ್ಟಾಗಿ ಕುಳಿತು ಮಾತನಾಡೋಣ. ಸಂತ ಬೆನೆಡಿಕ್ಟರು ನಮಗಾಗಿ ಪ್ರಾರ್ಥಿಸಲಿ. ಆಮೆನ್.